ಎಲೆಯ ಮೇಲಿನ ಬಳೆ, ಎಲೆಯಡಿಯ ಬೂಷ್ಟು: ಟೊಮೆಟೊ ಅಂಗಮಾರಿಯೊಂದಿಗೆ ಕಳೆದ ಹಂಗಾಮು

ಮುಳಬಾಗಿಲು ತಾಲ್ಲೂಕಿನ ನಮ್ಮ ತೋಟದಲ್ಲಿ ಟೊಮೆಟೊದ ಕೊನೆಯ ಕೊಯ್ಲು ಮುಗಿದಿದೆ. ನೀಲಗಿರಿ ಕಡ್ಡಿಗಳನ್ನು ಕಿತ್ತು ಒಟ್ಟಿದ್ದೇವೆ, ಹನಿ ಪೈಪುಗಳನ್ನು ಸುತ್ತಿಟ್ಟಿದ್ದೇವೆ, ಔಷಧಿ ಅಂಗಡಿಯ ಬಾಕಿಯನ್ನೂ ತೀರಿಸಿದ್ದಾಗಿದೆ. ಎಕರೆಗಿಂತ ಸ್ವಲ್ಪ ಹೆಚ್ಚಿನ ಈ ಬೆಳೆಗೆ ಒಂದೇ ಹಂಗಾಮಿನಲ್ಲಿ ಎರಡು ಬಗೆಯ ಅಂಗಮಾರಿ, ಅಂದರೆ ಎಲೆ ಸುಡುವ ರೋಗ, ತಗುಲಿತು: ಸೆಪ್ಟೆಂಬರ್‌ನಲ್ಲಿ ಮುಂಚಿನ ಅಂಗಮಾರಿ, ನವೆಂಬರ್‌ನಲ್ಲಿ ತಡ ಅಂಗಮಾರಿ. ಅಂಗಡಿಗಳಲ್ಲಿ ಇವನ್ನು ಅರ್ಲಿ ಬ್ಲೈಟ್, ಲೇಟ್ ಬ್ಲೈಟ್ ಎನ್ನುತ್ತಾರೆ. ಮೊದಲನೆಯದಕ್ಕೆ ಕೆಲಸ ಮಾಡಿದ ಔಷಧಿ ಎರಡನೆಯದರ ಮುಂದೆ ನಿಲ್ಲಲಿಲ್ಲ. ಏಕೆ ನಿಲ್ಲಲಿಲ್ಲ ಎಂಬುದು ತಿಳಿಯುವಷ್ಟರಲ್ಲಿ ತೋಟದ ಒಂದು ಮೂಲೆ ಕಪ್ಪಾಗಿತ್ತು. ಮುಂದಿನ ಮಳೆಗಾಲಕ್ಕೆ ಟೊಮೆಟೊ ಇಡುವವರಿಗೆ ಉಪಯೋಗವಾದೀತೆಂದು, ನೆನಪು ಮಾಸುವ ಮೊದಲು ಇದನ್ನು ಬರೆಯುತ್ತಿದ್ದೇನೆ.

ನಾಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಗಸ್ಟ್ ಆರಂಭದಲ್ಲಿ ನರ್ಸರಿಯಿಂದ ತಂದ ಹೈಬ್ರಿಡ್ ಸಸಿ, ಏರುಮಡಿ, ಮಲ್ಚಿಂಗ್ ಹಾಳೆ, ಹನಿ ನೀರು, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ. ನಮ್ಮ ಕಡೆ ಎಲ್ಲರೂ ಮಾಡುವ ಕ್ರಮವೇ ಅದು. ಮೊದಲ ಗೊಂಚಲು ಕಾಯಿ ಕಚ್ಚುವವರೆಗೆ ಗಿಡಗಳ ಮೇಲೆ ದೂರು ಹೇಳುವಂಥದ್ದೇನೂ ಇರಲಿಲ್ಲ.

ಸೆಪ್ಟೆಂಬರ್ ನಡುವಿನಲ್ಲಿ ಹವೆ ವಿಚಿತ್ರವಾಗಿತ್ತು. ಸಂಜೆ ಒಂದು ಹದ ಮಳೆ, ಮರುದಿನ ಚುರುಗುಟ್ಟುವ ಬಿಸಿಲು, ಮತ್ತೆ ರಾತ್ರಿ ಇಬ್ಬನಿ. ಕಳೆ ಕೀಳಲು ಬಂದಿದ್ದ ಹೆಂಗಸರಲ್ಲಿ ಹಿರಿಯರೊಬ್ಬರು ಬುಡದ ಎಲೆಯೊಂದನ್ನು ಕಿತ್ತು ತಂದು, "ಇದ್ಯಾಕೋ ಕೆಳಗಿಂದ ಸುಡ್ತಾ ಐತೆ, ನೋಡಪ್ಪಾ" ಎಂದರು. ನೆಲಕ್ಕೆ ಹತ್ತಿರವಿದ್ದ, ಬಲಿತ ಎಲೆಗಳಲ್ಲಿ ಮಾತ್ರ ಕಂದು ಚುಕ್ಕೆಗಳಿದ್ದವು. ಸಣ್ಣವು ಸಾಸಿವೆ ಕಾಳಿನಷ್ಟು, ದೊಡ್ಡವು ಬೆರಳ ತುದಿಯಷ್ಟು. ದೊಡ್ಡ ಚುಕ್ಕೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಒಂದರೊಳಗೊಂದು ಬಳೆ ಜೋಡಿಸಿದಂತೆ ಸುತ್ತುಗಳು ಕಾಣುತ್ತಿದ್ದವು, ಅಂಚಿಗೆ ಹಳದಿ ಪಟ್ಟಿ ಇತ್ತು. ತುದಿಯ ಚಿಗುರು ಅಚ್ಚ ಹಸಿರಾಗಿಯೇ ಇತ್ತು.

ಈ ಹಂತದಲ್ಲಿ ಗೊಂದಲ ಸಹಜ, ಏಕೆಂದರೆ ಟೊಮೆಟೊ ಎಲೆ ಸುಡುವುದಕ್ಕೆ ಕಾರಣಗಳು ಹತ್ತಾರು. ಪೊಟ್ಯಾಷ್ ಕೊರತೆಯಾದರೂ ಹಳೆಯ ಎಲೆಯೇ ಮೊದಲು ಒಣಗುತ್ತದೆ, ಆದರೆ ಆಗ ಅಂಚು ಉದ್ದಕ್ಕೂ ಸುಡುತ್ತದೆಯೇ ಹೊರತು ನಡುವೆ ಬಿಡಿ ಚುಕ್ಕೆಗಳು ಬೀಳುವುದಿಲ್ಲ. ದುಂಡಾಣುವಿನ ಚುಕ್ಕೆಗಳು ಸಣ್ಣವು, ಎಣ್ಣೆ ಅಂಟಿದಂತೆ ಕಾಣುವಂಥವು, ಒಳಗೆ ಸುತ್ತುಗಳಿರುವುದಿಲ್ಲ. ಸೆಪ್ಟೋರಿಯಾ ಎಂಬ ಇನ್ನೊಂದು ಶಿಲೀಂಧ್ರದ ಚುಕ್ಕೆಗೆ ನಡುವೆ ಬೂದು ಬಣ್ಣ, ಅದರಲ್ಲಿ ಚುಕ್ಕಿಯಿಟ್ಟಂತೆ ಕರಿ ಕಣಗಳಿರುತ್ತವೆ. ಇನ್ನು ಥ್ರಿಪ್ಸ್ ನುಸಿ ಹರಡುವ ನಂಜುರೋಗವಾದರೆ ಎಳೆಯ ಎಲೆಯೇ ಮೊದಲು ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಇಷ್ಟನ್ನೂ ನಾನು ಆಗಲೇ ಬಲ್ಲವನಾಗಿದ್ದೆನೆಂದಲ್ಲ. ಬಹುಪಾಲು ಮುಂದಿನ ವಾರಗಳಲ್ಲಿ ಬೇರೆಯವರಿಂದ ಕಲಿತದ್ದು.

ಮೊದಲು ಹೋದದ್ದು ಹತ್ತಿರದ ಒಂದು ಸರ್ಕಾರಿ ಕಚೇರಿಗೆ. ಅಧಿಕಾರಿಗಳು ಸಭೆಗೆ ಹೋಗಿದ್ದರು. ಅಲ್ಲಿದ್ದ ಸಿಬ್ಬಂದಿ ಪಹಣಿ, ಆಧಾರ್, ಫ್ರೂಟ್ಸ್ (ಸರ್ಕಾರದ ರೈತ ನೋಂದಣಿ) ಗುರುತಿನ ಸಂಖ್ಯೆ ಕೇಳಿ ಬರೆದುಕೊಂಡು ಕಾಯಲು ಹೇಳಿದರು. ಮಧ್ಯಾಹ್ನದವರೆಗೆ ಕಾದ ಮೇಲೆ ತಿಳಿದದ್ದೇನೆಂದರೆ, ಆ ದಾಖಲೆಗಳೆಲ್ಲ ಸಹಾಯಧನದ ಅರ್ಜಿಗೆ ಬೇಕಾದವೇ ಹೊರತು ರೋಗ ತೋರಿಸಿ ಸಲಹೆ ಕೇಳುವುದಕ್ಕೆ ಯಾವ ಕಾಗದವೂ ಬೇಕಿಲ್ಲ. ಅಷ್ಟು ಹೊತ್ತಿಗೆ ಕೈಚೀಲದಲ್ಲಿದ್ದ ಎಲೆಗಳು ಬೆಂದ ಸೊಪ್ಪಿನಂತಾಗಿದ್ದವು. ಹೊರಡುವವರಿಗೆ ಒಂದು ಮಾತು: ಫೋನ್ ಮಾಡಿ, ಸಲಹೆ ಕೊಡುವವರು ಇರುವುದನ್ನು ಖಚಿತಪಡಿಸಿಕೊಂಡೇ ಹೋಗಿ. ತುರ್ತು ಇದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು, ಕರೆಗೆ ಹಣವಿಲ್ಲ. ಆದರೆ ಎಲೆಯನ್ನು ಕಣ್ಣಾರೆ ನೋಡದೆ ಫೋನಿನಲ್ಲಿ ಹೇಳುವ ಸಲಹೆಗೆ ತನ್ನದೇ ಮಿತಿ ಇದ್ದೇ ಇರುತ್ತದೆ.

ಮರುದಿನ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಈ ಸಲ ಎಲೆಗಳನ್ನು ಇಬ್ಬನಿ ಆರಿದ ಮೇಲೆ ಕಿತ್ತು, ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಬಿಡಿಬಿಡಿಯಾಗಿ ಇಟ್ಟುಕೊಂಡು, ಒಂದು ಇಡೀ ರೆಂಬೆಯನ್ನೂ ಸೇರಿಸಿ ಒಯ್ದೆ. ಪೂರ್ತಿ ಒಣಗಿದ ಎಲೆಯಿಂದ ಅವರಿಗೆ ಏನೂ ತಿಳಿಯುವುದಿಲ್ಲ. ರೋಗ ಮತ್ತು ಹಸಿರು ಎರಡೂ ಸೇರುವ ಅಂಚು ಇರುವ ಎಲೆ ಬೇಕು. ತಳಿ ಯಾವುದು, ನಾಟಿಯಾಗಿ ಎಷ್ಟು ವಾರ, ಯಾವ ಗೊಬ್ಬರ ಕೊಟ್ಟದ್ದು, ಏನೇನು ಸಿಂಪಡಿಸಿದ್ದು, ಪಕ್ಕದ ಹೊಲದಲ್ಲಿ ಏನಿದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರಿಂದ ಅರ್ಧ ಮಾತು ಉಳಿಯಿತು.

ಅಲ್ಲಿನ ಮೇಡಂ ಚುಕ್ಕೆಯೊಳಗಿನ ಸುತ್ತುಗಳನ್ನು ಮಸೂರದಲ್ಲಿ ನೋಡಿ, ಇದು ಆಲ್ಟರ್ನೇರಿಯಾ ಎಂಬ ಶಿಲೀಂಧ್ರದಿಂದ ಬರುವ ಮುಂಚಿನ ಅಂಗಮಾರಿ ಎಂದರು. ಹಿಂದಿನ ಬೆಳೆಯ ಕಸದಲ್ಲಿ, ಹೊಲದಂಚಿನ ಕಾಕಿಯಂಥ ಕಳೆಗಳಲ್ಲಿ ಉಳಿದಿರುವ ಈ ಶಿಲೀಂಧ್ರ ಮಳೆಹನಿಯ ಸಿಡಿತದೊಂದಿಗೆ ಬುಡದ ಎಲೆಗೆ ಏರುತ್ತದೆ. 24ರಿಂದ 29 ಡಿಗ್ರಿ ಬಿಸಿ, ಅದರ ಜೊತೆ ಒದ್ದೆ ಮತ್ತು ಒಣ ಹವೆ ಒಂದಾದ ಮೇಲೊಂದು ಬರುವುದು ಇದಕ್ಕೆ ಬಹಳ ಹಿತ. ಕಾಯಿಯ ಭಾರ ಹೆಚ್ಚಿ ಗಿಡ ಸೊರಗಿದಾಗ, ಸಾರಜನಕ ಕಡಿಮೆ ಬಿದ್ದಾಗ ರೋಗ ಬೇಗ ಮೇಲೇರುತ್ತದೆ. ಕಾಯಿಗೆ ತಗುಲಿದರೆ ತೊಟ್ಟಿನ ಬುಡದಲ್ಲಿ ಕಪ್ಪಾದ, ಚರ್ಮದಂತಹ ತಗ್ಗು ಬೀಳುತ್ತದೆ. "ಇದು ನಿಧಾನದ ರೋಗ, ಹೆದರಬೇಡಿ, ಆದರೆ ಇವತ್ತೇ ಕೆಲಸ ಶುರು ಮಾಡಿ" ಎಂಬ ಅವರ ಮಾತಿನಿಂದ ಎದೆಯ ಭಾರ ಇಳಿದಿತ್ತು.

ಔಷಧಿಗಿಂತ ಮೊದಲು ಅವರು ಹೇಳಿದ್ದು ಕತ್ತರಿಯ ಕೆಲಸ. ನೆಲದಿಂದ ಒಂದು ಅಡಿಯವರೆಗಿನ ಎಲೆಗಳನ್ನು ತೆಗೆದು ಬುಡಕ್ಕೆ ಗಾಳಿಯಾಡುವಂತೆ ಮಾಡಬೇಕು, ಕಿತ್ತದ್ದನ್ನು ಬದುವಿನ ಮೇಲೆ ಎಸೆಯದೆ ಚೀಲದಲ್ಲಿ ತುಂಬಿ ಗುಂಡಿಯಲ್ಲಿ ಹೂಳಬೇಕು, ಗಿಡ ಒದ್ದೆಯಾಗಿರುವಾಗ ಯಾರೂ ಸಾಲಿನೊಳಗೆ ಓಡಾಡಬಾರದು. ಕೊನೆಯ ನಿಯಮ ಪಾಲಿಸುವುದೇ ಕಷ್ಟವಾಯಿತು. ನಮ್ಮಲ್ಲಿ ಕೂಲಿಯವರು ಬೆಳಗ್ಗೆ ಬೇಗ ಬಂದು ಮಧ್ಯಾಹ್ನದ ಹೊತ್ತಿಗೆ ಹೊರಡುವುದು ರೂಢಿ. ಇಬ್ಬನಿ ಆರಲಿ ಎಂದು ಒಂಬತ್ತರವರೆಗೆ ಕಾಯಿಸಿದರೆ ಅವರು ಬೇರೆ ತೋಟಕ್ಕೆ ಹೋಗುತ್ತಾರೆ. ಸಂಜೆಯವರೆಗೆ ನಿಲ್ಲುವುದಕ್ಕೆ ಪ್ರತಿಯೊಬ್ಬರಿಗೂ ಹೆಚ್ಚುವರಿ ಕೂಲಿ ಕೊಡುವುದಾಗಿ ಒಪ್ಪಂದ ಮಾಡಿಕೊಂಡೆವು. ಈ ಖರ್ಚನ್ನು ಯಾವ ಕರಪತ್ರವೂ ಹೇಳುವುದಿಲ್ಲ.

ಔಷಧಿ ಅಂಗಡಿಯ ಅನುಭವ ಬೇರೆಯೇ. ಯಾವ ಅಂಗಡಿಯೆಂದು ಹೇಳುವುದು ಬೇಡ. ಎಲೆಯನ್ನು ಬರಿಗಣ್ಣಿನಲ್ಲಿ ನೋಡಿ ಅವರು ಒಂದು ಶಿಲೀಂಧ್ರನಾಶಕ, ಒಂದು ಕೀಟನಾಶಕ, ಒಂದು ಟಾನಿಕ್, ಒಂದು ಅಂಟು ದ್ರಾವಣ ಸೇರಿಸಿ ಒಂದು ಪೊಟ್ಟಣ ಕಟ್ಟಿದರು, ಬೆಲೆ ಸಾವಿರಗಳಲ್ಲಿತ್ತು. ಆ ಶಿಲೀಂಧ್ರನಾಶಕದಲ್ಲಿ ಕಾರ್ಬೆಂಡಾಜಿಮ್ ಇತ್ತು, ಅದು ಆಲ್ಟರ್ನೇರಿಯಾ ಮೇಲೆ ನಾಟುವುದಿಲ್ಲವೆಂದು ಮೇಡಂ ಆಗಲೇ ಹೇಳಿದ್ದರು. ಮೇಡಂ ಬರೆದುಕೊಟ್ಟ ಚೀಟಿಯಲ್ಲಿದ್ದದ್ದನ್ನಷ್ಟೇ ಕೇಳಿ, ಬಿಲ್ಲನ್ನೂ ಕೇಳಿದೆ. ಬಿಲ್ ಎಂದೊಡನೆ ಮುಖ ಸ್ವಲ್ಪ ಗಂಟಿಕ್ಕಿತು, ಆದರೂ ಕೊಟ್ಟರು. ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ ಇರಬೇಕು, ಡಬ್ಬಿಯ ಮೇಲಿನ ಅವಧಿ ಮುಗಿಯುವ ತಿಂಗಳನ್ನು ಅಲ್ಲೇ ನಿಂತು ಓದಬೇಕು. ಔಷಧಿ ಕಳಪೆಯೆಂದು ಮುಂದೆ ದೂರು ಕೊಡುವುದಾದರೆ ಬಿಲ್ಲಿಲ್ಲದೆ ಮಾತು ಮುಂದುವರಿಯುವುದಿಲ್ಲ.

ಮೊದಲ ಸಿಂಪಡಣೆಗೆ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್. ಇದು ಎಲೆಯ ಮೇಲೆ ಪದರವಾಗಿ ಕುಳಿತು ಹೊಸ ಸೋಂಕನ್ನು ತಡೆಯುತ್ತದೆ, ಒಳಹೊಕ್ಕ ರೋಗವನ್ನು ಗುಣಪಡಿಸುವುದಿಲ್ಲ. ಆದ್ದರಿಂದ ಎಲೆಯ ಅಡಿಭಾಗವೂ ನೆನೆಯುವಂತೆ ಹೊಡೆಯದಿದ್ದರೆ ಪ್ರಯೋಜನ ಅರ್ಧಕ್ಕಿಳಿಯುತ್ತದೆ. ಒಂದು ವಾರ ಕಳೆದ ಮೇಲೆ ಲೀಟರಿಗೆ 1 ಮಿಲಿಯಂತೆ ಅಜಾಕ್ಸಿಸ್ಟ್ರೋಬಿನ್, ಆಮೇಲೆ ಮತ್ತೆ ಮ್ಯಾಂಕೋಜೆಬ್. ಅಜಾಕ್ಸಿಸ್ಟ್ರೋಬಿನ್‌ನಂತಹ ಅಂತರ್ವ್ಯಾಪಿ (ಎಲೆಯೊಳಗೆ ಇಳಿದು ಹರಡುವ) ಔಷಧಿಯನ್ನು ಬೆನ್ನುಬೆನ್ನಿಗೆ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆಂಬ ಕಾರಣಕ್ಕೆ ನಡುವೆ ಬೇರೆ ಗುಂಪಿನದನ್ನು ಇಡಬೇಕಂತೆ. ಬೆಳೆದ ಗಿಡಕ್ಕೆ ಎಕರೆಗೆ 200 ಲೀಟರ್ ದ್ರಾವಣ ಸಾಲಲಿಲ್ಲ. ಅಕ್ಟೋಬರ್ ಆರಂಭದ ಹೊತ್ತಿಗೆ ಚುಕ್ಕೆಗಳು ಇದ್ದ ಎತ್ತರದಲ್ಲೇ ನಿಂತವು, ಮೇಲಿನ ಎಲೆ ಸ್ವಚ್ಛವಾಗಿ ಬಂತು. ಮೊದಲ ಕೊಯ್ಲಿನ ಕಾಯಿಗಳಲ್ಲಿ ತೊಟ್ಟು ಕಪ್ಪಾದವು ಬೆರಳೆಣಿಕೆಯಷ್ಟಿದ್ದವು. ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸಿಗೆ ಸಿಕ್ಕ ದರ ಸಾಧಾರಣ; 2023ರ ಜುಲೈನಲ್ಲಿ ಅದೇ ಬಾಕ್ಸು 2,000 ರೂಪಾಯಿ ದಾಟಿದ್ದನ್ನು ಕಂಡ ನಮ್ಮಂಥವರಿಗೆ ಯಾವ ದರವೂ ಈಗ ಸಾಧಾರಣವಾಗಿಯೇ ಕಾಣುತ್ತದೆ.

ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಜಡಿಮಳೆ ಹಿಡಿಯಿತು. ಸೂರ್ಯನ ಮುಖ ಕಾಣದೆ ದಿನಗಳು ಕಳೆದವು, ಹಗಲಿನಲ್ಲೂ ಚಳಿ, ಎಲೆಯ ಮೇಲಿನ ನೀರು ಆರಲೇ ಇಲ್ಲ. ಕಾಲುವೆಯಾಚೆಯ ಹೊಲದಲ್ಲಿ ಆಲೂಗಡ್ಡೆ ಇಟ್ಟಿದ್ದ ಅಣ್ಣ ಬಂದು, ತನ್ನ ಬೆಳೆ ಬಿಸಿನೀರು ಎರಚಿದ ಹಾಗೆ ಬಾಡುತ್ತಿದೆಯೆಂದು ಹೇಳಿದಾಗಲೇ ನಮ್ಮ ಮನೆಯಲ್ಲಿ ಭಯ ಹೊಕ್ಕಿತು. ಆಲೂಗಡ್ಡೆಗೂ ಟೊಮೆಟೊಗೂ ತಡ ಅಂಗಮಾರಿ ಒಂದೇ. 1845ರಿಂದ ಐರ್ಲೆಂಡನ್ನು ಬರಗಾಲಕ್ಕೆ ತಳ್ಳಿದ್ದು ಇದೇ; ನಮ್ಮ ಹಾಸನದ ಆಲೂಗಡ್ಡೆ ಬೆಳೆಗಾರರನ್ನು ವರ್ಷ ವರ್ಷವೂ ಕಾಡಿದ್ದೂ ಇದೇ.

ಎರಡು ದಿನಗಳಲ್ಲಿ ನಮ್ಮ ಗಿಡಗಳಲ್ಲೂ ಕಾಣಿಸಿತು, ಆದರೆ ಸೆಪ್ಟೆಂಬರ್‌ನಲ್ಲಿ ಕಂಡದ್ದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಬುಡ, ನಡು, ತುದಿ ಎಂಬ ಭೇದವಿರಲಿಲ್ಲ. ಚುಕ್ಕೆಯಲ್ಲ, ಕರೆ, ನೀರು ಕುಡಿದಂತಹ ಕಡುಹಸಿರು ಕರೆ ಎಲೆಯ ಅಂಚಿನಿಂದ ಹೊರಟು ಮಾರನೆಯ ದಿನಕ್ಕೆ ಕಂದು, ಅದರ ಮಾರನೆಯ ದಿನಕ್ಕೆ ಕಪ್ಪು. ಒಳಗೆ ಸುತ್ತುಗಳಿರಲಿಲ್ಲ. ಕಾಂಡದ ಮೇಲೆ ಉದ್ದುದ್ದ ಕಂದು ಪಟ್ಟೆಗಳು ಬಿದ್ದವು. ಹಸಿರು ಕಾಯಿಯ ಹೆಗಲ ಮೇಲೆ ಎಣ್ಣೆ ಸವರಿದಂಥ ಗಟ್ಟಿ ಕಂದು ಮಚ್ಚೆ ಮೂಡಿತು. ಬೆಳಗಿನ ಜಾವ ಟಾರ್ಚ್ ಹಿಡಿದು ಎಲೆಯನ್ನು ತಿರುಗಿಸಿದರೆ ಕರೆಯ ಅಂಚಿನಲ್ಲಿ ತೆಳ್ಳನೆಯ ಬಿಳಿ ಬೂಷ್ಟು ಕಾಣುತ್ತಿತ್ತು. ಗಾಳಿ ಆಡಿ ಹೊತ್ತೇರಿದ ಮೇಲೆ ಅದೇ ಎಲೆಯಲ್ಲಿ ಅದು ಇರುತ್ತಿರಲಿಲ್ಲ. ಹಗಲಿನಲ್ಲಿ ನೋಡಿ ಬೂಷ್ಟಿಲ್ಲವೆಂದು ನಿರ್ಧರಿಸುವವರಿಗೆ ಇನ್ನೊಂದು ದಾರಿಯಿದೆ: ಕರೆ ಬಿದ್ದ ಎಲೆಯನ್ನು ಒದ್ದೆ ಕಾಗದದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯ ತಂಪು ಮೂಲೆಯಲ್ಲಿ ರಾತ್ರಿಯಿಡೀ ಇಟ್ಟರೆ, ತಡ ಅಂಗಮಾರಿಯಾಗಿದ್ದ ಪಕ್ಷದಲ್ಲಿ ಬೆಳಗ್ಗೆ ಎಲೆಯಡಿ ಬಿಳಿ ಬೂಷ್ಟು ಎದ್ದಿರುತ್ತದೆ. ನನ್ನ ಹೆಂಡತಿ ಇದನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟು ನೋಡಿದಳು. ಖರ್ಚಿಲ್ಲದ ಈ ಪರೀಕ್ಷೆಯಷ್ಟು ನಮಗೆ ನೆರವಾದದ್ದು ಬೇರೊಂದಿಲ್ಲ.

ಮಳೆಯ ನಡುವೆ ಸಿಕ್ಕ ಬಿಡುವಿನಲ್ಲಿ ಹೊಡೆದಿದ್ದ ಮ್ಯಾಂಕೋಜೆಬ್ ತೊಳೆದು ಹೋಗಿತ್ತು. ಎಲೆಗಳ ಫೋಟೋ, ಬೂಷ್ಟಿನ ಫೋಟೋ ಕಳುಹಿಸಿ ಮೇಡಂ ಅವರಿಗೆ ಫೋನ್ ಮಾಡಿದಾಗ ಅವರ ದನಿಯಲ್ಲಿ ಸೆಪ್ಟೆಂಬರ್‌ನ ನಿಧಾನವಿರಲಿಲ್ಲ. ತಡ ಅಂಗಮಾರಿಯನ್ನು ತರುವ ಫೈಟಾಫ್ತೊರಾ ವಾಡಿಕೆಯಲ್ಲಿ ಶಿಲೀಂಧ್ರವೆನಿಸಿಕೊಂಡರೂ ನಿಜವಾದ ಶಿಲೀಂಧ್ರಗಳ ಗುಂಪಿಗೆ ಸೇರಿದ್ದಲ್ಲ. ಪಾಚಿಗಳಿಗೆ ಹತ್ತಿರದ, ನೀರಿನಲ್ಲಿ ಈಜುವ ಬೀಜಕಗಳನ್ನು ಬಿಡುವ ಬೇರೊಂದು ಗುಂಪಿನದು. ಹಾಗಾಗಿ ಮುಂಚಿನ ಅಂಗಮಾರಿಗೆ ಹೊಡೆಯುವ ಡೈಫೆನೋಕೋನಜೋಲ್‌ನಂಥ ಔಷಧಿಗಳು ಇದನ್ನು ಮುಟ್ಟುವುದೇ ಇಲ್ಲ, ಕಾರ್ಬೆಂಡಾಜಿಮ್ ಅಂತೂ ಎರಡಕ್ಕೂ ಆಗದು. 15ರಿಂದ 22 ಡಿಗ್ರಿ ತಂಪು ಮತ್ತು ಆರದ ತೇವ ಸಿಕ್ಕರೆ ಸೋಂಕು ತಗುಲಿದ ನಾಲ್ಕೈದು ದಿನಗಳಲ್ಲೇ ಹೊಸ ಬೀಜಕಗಳು ಹುಟ್ಟಿ ಗಾಳಿಯಲ್ಲಿ ಹೊಲದಿಂದ ಹೊಲಕ್ಕೆ ಹಾರುತ್ತವೆ. ಹತ್ತು ದಿನ ಸುಮ್ಮನಿದ್ದರೆ ತೋಟವೇ ಇರುವುದಿಲ್ಲ.

ಅಂಗಡಿಯಲ್ಲಿ ತಡ ಅಂಗಮಾರಿಯೆಂದರೆ ಮೊದಲು ಕೈಗೆ ಕೊಡುವುದು ಮೆಟಲಾಕ್ಸಿಲ್ ಬೆರೆತ ಪುಡಿ. ಅದು ಒಂದು ಕಾಲಕ್ಕೆ ರಾಮಬಾಣವೇ ಆಗಿತ್ತು. ಆದರೆ ದಕ್ಷಿಣ ಭಾರತದ ಟೊಮೆಟೊ ತೋಟಗಳಲ್ಲಿ ಸುಮಾರು 2009–10ರಿಂದ ರೋಗ ಉಗ್ರವಾದದ್ದಕ್ಕೆ ಮೆಟಲಾಕ್ಸಿಲ್‌ಗೆ ಬಗ್ಗದ, ಈ ರೋಗಾಣುವಿನ ಹೊಸ ತಳಿಯೊಂದು ಹರಡಿದ್ದೇ ಕಾರಣವೆಂದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದ್ದಾರೆ; ಯುರೋಪಿನಲ್ಲಿ ಮೊದಲು ಕಂಡ ಆ ತಳಿಯನ್ನು 13_ಎ2 ಎನ್ನುತ್ತಾರೆ. ಆದ್ದರಿಂದ ಅದೊಂದನ್ನೇ ನಂಬಿ ಕೂರಬೇಡಿ ಎಂದು ಹೇಳಿ, ಸೈಮೋಕ್ಸಾನಿಲ್ ಮತ್ತು ಮ್ಯಾಂಕೋಜೆಬ್ ಬೆರೆತದ್ದನ್ನು ಲೇಬಲ್ಲಿನ ಪ್ರಮಾಣದಲ್ಲಿ ಬಳಸಲು ಸೂಚಿಸಿದರು. ನಮ್ಮ ಹತ್ತಿರದ ಅಂಗಡಿಗಳಲ್ಲಿ ದಾಸ್ತಾನು ಮುಗಿದಿತ್ತು, ಏಕೆಂದರೆ ಅದೇ ಮಳೆ ಎಲ್ಲರ ಮೇಲೂ ಸುರಿದಿತ್ತು. ಕೊನೆಗೆ ಕೋಲಾರಕ್ಕೆ ಹೋಗಿ ತಂದದ್ದಾಯಿತು. ಜಡಿಮಳೆಯ ಮುನ್ಸೂಚನೆ ಕೇಳಿದ ದಿನವೇ ಒಂದು ಪ್ಯಾಕೆಟ್ ತಂದಿಟ್ಟುಕೊಳ್ಳುವುದು ಜಾಣತನ. ಮ್ಯಾಂಕೋಜೆಬ್‌ಗಿಂತ ದುಬಾರಿಯಾದರೂ ಒಂದು ದಿನದ ವಿಳಂಬಕ್ಕಿಂತ ಅಗ್ಗ.

ಸಿಂಪಡಿಸಲು ಹವೆ ಒಲಿಯಬೇಕಿತ್ತು. ಎಲೆ ಆರುವುದನ್ನೂ ಮುಂದಿನ ಮೋಡವನ್ನೂ ನೋಡುತ್ತಾ ಪಂಪು ತುಂಬಿಟ್ಟು ಕಾಯುವುದು ಈ ಇಡೀ ಹಂಗಾಮಿನ ಅತಿ ಕೆಟ್ಟ ಗಳಿಗೆಯಾಗಿತ್ತು. ಮೂಲೆಯಲ್ಲಿ ಪೂರ್ತಿ ಹಿಡಿದಿದ್ದ ಗಿಡಗಳನ್ನು ಉಳಿಸುವ ಆಸೆ ಬಿಟ್ಟು, ಕಾಯಿ ಸಮೇತ ಕಿತ್ತು ಚೀಲಕ್ಕೆ ತುಂಬಿ ಹೂಳಿದೆವು. ಅಪ್ಪನಿಗೆ ಅದು ಸಹಿಸಲಿಲ್ಲ. "ಕಾಯಿ ಹಣ್ಣಾಗೋವರ್ಗೂ ಬಿಡೋ" ಎಂದು ಬದುವಿನ ಮೇಲೆ ನಿಂತು ಹೇಳುತ್ತಲೇ ಇದ್ದರು. ಆದರೆ ಆ ಸಾಲುಗಳು ಉಳಿದ ತೋಟಕ್ಕೆಲ್ಲ ಬೀಜಕ ಹಂಚುತ್ತಿದ್ದವು. ಮೊದಲ ಸಿಂಪಡಣೆಯ ಐದಾರು ದಿನಗಳಿಗೆ ಅದೇ ಔಷಧಿ ಮತ್ತೊಮ್ಮೆ, ಅನಂತರ ಬೇರೆ ಗುಂಪಿನದಾದ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ. ಇದರಂತೆಯೇ ತಾಮ್ರದ ಔಷಧಿಯಾದ ಬೋರ್ಡೋ ದ್ರಾವಣವನ್ನು ಮನೆಯಲ್ಲೇ ಮಾಡುವವರು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕ ಹಿಡಿದು, ಸಿಂಪಡಿಸುವ ಮೊದಲು ಹೊಳಪಿನ ಕಬ್ಬಿಣದ ಕುಡುಗೋಲನ್ನು ಅದ್ದಿ ನೋಡಬೇಕು. ಕೆಂಗಂದು ಬಣ್ಣ ಹತ್ತಿದರೆ ಸುಣ್ಣ ಸಾಲದು, ಹಾಗೆಯೇ ಹೊಡೆದರೆ ಚಿಗುರು ಸುಡುತ್ತದೆ. ಮಳೆ ನಿಂತು ಬಿಸಿಲು ಬಂದ ಮೇಲೆ ರೋಗದ ಓಟ ತಗ್ಗಿತು. ಔಷಧಿಗೆ ಎಷ್ಟು ಪಾಲು, ಬಿಸಿಲಿಗೆ ಎಷ್ಟು ಪಾಲು ಎಂದು ಯಾರಾದರೂ ಕೇಳಿದರೆ ನಾನು ಬಿಸಿಲಿಗೇ ಹೆಚ್ಚು ಕೊಡುತ್ತೇನೆ.

ಕೊಯ್ಲು ನಡೆಯುತ್ತಿರುವ ತೋಟದಲ್ಲಿ ಇನ್ನೊಂದು ಇಕ್ಕಟ್ಟಿದೆ. ಔಷಧಿ ಹೊಡೆದ ಮೇಲೆ ಇಂತಿಷ್ಟು ದಿನ ಕಾಯಿ ಕೀಳಬಾರದೆಂದು ಪ್ರತಿ ಡಬ್ಬಿಯ ಲೇಬಲ್ಲಿನಲ್ಲಿ ಇರುತ್ತದೆ. ಅಕ್ಷರ ಸಣ್ಣದು, ಓದಲೇಬೇಕು. ಮಂಡಿಯಲ್ಲಿ ದರ ಏರುತ್ತಿರುವಾಗ ಹಣ್ಣಾದ ಕಾಯಿಯನ್ನು ಗಿಡದಲ್ಲೇ ಬಿಡುವುದು ಸುಲಭವಲ್ಲ. ನಾವು ಹಣ್ಣಾದದ್ದನ್ನೂ ಬಣ್ಣ ತಿರುಗಿದ್ದನ್ನೂ ಹಿಂದಿನ ದಿನವೇ ಕಿತ್ತು, ಮರುದಿನ ಸಿಂಪಡಿಸುವ ಕ್ರಮಕ್ಕೆ ಬಂದೆವು. ಹಾಗೆ ಕಿತ್ತ ಕಾಯಿಯಲ್ಲಿ ಕಣ್ಣಿಗೆ ಬೀಳದ ಸೋಂಕಿದ್ದರೆ ಬಾಕ್ಸಿನೊಳಗೆ ಎರಡೇ ದಿನದಲ್ಲಿ ಮಚ್ಚೆ ಹರಡುತ್ತದೆ. ದೂರದ ಊರಿಗೆ ಹೋಗಬೇಕಿದ್ದ ನಮ್ಮ ಒಂದು ಲೋಡನ್ನು ಅದೇ ಕಾರಣಕ್ಕೆ ಮಂಡಿಯಲ್ಲಿ ಕೆಳದರಕ್ಕೆ ಇಳಿಸಿಕೊಂಡರು. ಆಮೇಲಿನ ಕಾಯಿಗಳನ್ನು ಒಂದು ರಾತ್ರಿ ನೆರಳಿನಲ್ಲಿ ಹರಡಿ, ಬೆಳಗ್ಗೆ ಆರಿಸಿ ತುಂಬಿದೆವು.

ಖರ್ಚಿನ ವಿಚಾರಕ್ಕೆ ಬಂದರೆ, ಶಿಲೀಂಧ್ರನಾಶಕಗಳಿಗಿಂತ ಸಿಂಪಡಿಸುವವರ ಕೂಲಿ, ಎಲೆ ತೆಗೆಯುವವರ ಕೂಲಿ ಮತ್ತು ಓಡಾಟ ಸೇರಿ ಹೆಚ್ಚಾಯಿತು. ಹೂಳಿದ ಗಿಡಗಳ ಫಸಲನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹಾಕಿದ ಬಂಡವಾಳ ಬಂದು ಕೈಯಲ್ಲಿ ಅಲ್ಪಸ್ವಲ್ಪ ಉಳಿಯಿತು. ಕಾಲುವೆಯಾಚೆಯ ಅಣ್ಣನಿಗೆ ಬಿತ್ತನೆ ಗೆಡ್ಡೆಯ ಹಣವೂ ಹುಟ್ಟಲಿಲ್ಲ.

ಈ ಹೊಲಕ್ಕೆ ಇನ್ನು ಎರಡು ವರ್ಷ ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಯಾವುದೂ ಇಲ್ಲ. ಮೊದಲು ರಾಗಿ, ಆಮೇಲೆ ಹುರುಳಿ ಅಥವಾ ಬೀನ್ಸ್. ಹಳೆಯ ಕಡ್ಡಿಗಳನ್ನು ಮತ್ತೆ ಬಳಸುವ ಮೊದಲು ಬಿಸಿಲಿಗೆ ಒಣಗಿಸುತ್ತೇವೆ, ತಾವಾಗಿ ಹುಟ್ಟುವ ಟೊಮೆಟೊ ಸಸಿಗಳನ್ನು ಕಂಡಲ್ಲೇ ಕೀಳುತ್ತೇವೆ. ಮೇಲಿನ ಹೊಲದಲ್ಲಿ ಮುಂದಿನ ಟೊಮೆಟೊ ಇಡುವಾಗ ಸಾಲಿನ ಅಂತರವನ್ನು ಸ್ವಲ್ಪ ಹಿಗ್ಗಿಸಿ, ಯೂರಿಯಾವನ್ನು ಹಿಡಿತದಲ್ಲಿಡಬೇಕೆಂದಿದ್ದೇವೆ; ಕಡಿಮೆಯಾದರೆ ಮುಂಚಿನ ಅಂಗಮಾರಿ, ಹೆಚ್ಚಾಗಿ ಎಲೆ ದಟ್ಟವಾದರೆ ತಡ ಅಂಗಮಾರಿ.

ತಳಿಯ ಬಗ್ಗೆ ಮನೆಯಲ್ಲಿ ಚರ್ಚೆ ಇನ್ನೂ ನಡೆದಿದೆ. ಹೆಸರಘಟ್ಟದ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಎಲೆಮುಟುರು ನಂಜು, ದುಂಡಾಣು ಸೊರಗು ರೋಗ, ಮುಂಚಿನ ಅಂಗಮಾರಿಗಳನ್ನು ತಡೆಯುವ ಗುಣವಿದೆ. ಅರ್ಕಾ ಅಭೇದ್ ತಳಿಗೆ ಇವುಗಳೊಂದಿಗೆ ತಡ ಅಂಗಮಾರಿಯನ್ನೂ ತಡೆಯುವ ಗುಣವಿದೆ. ಹಾಗೆಂದು ಸಿಂಪಡಣೆ ಪೂರ್ತಿ ತಪ್ಪೀತೆಂದು ನಾನು ನಂಬುವುದಿಲ್ಲ. ನಮ್ಮ ಮಂಡಿಯ ವ್ಯಾಪಾರಿ ತಾನು ಬಲ್ಲ ತಳಿಯ ಹಣ್ಣನ್ನೇ ಕೇಳುತ್ತಾನೆ ಎಂಬುದು ಅಪ್ಪನ ವಾದ, ಅದರಲ್ಲಿ ಸತ್ಯವೂ ಇದೆ. ಸದ್ಯಕ್ಕೆ ಕಾಲು ಎಕರೆಗೆ ಅಭೇದ್ ಹಾಕಿ, ಉಳಿದದ್ದಕ್ಕೆ ಹಳೆಯ ಹೈಬ್ರಿಡ್ಡನ್ನೇ ಇಡುವುದೆಂದು ಒಪ್ಪಿದ್ದೇವೆ. ಬೀಜಕ್ಕೆ ಮುಂಚಿತವಾಗಿಯೇ ಕೇಳಿಡಬೇಕು, ನರ್ಸರಿಯಲ್ಲಿ ಸಸಿ ಬೆಳೆಸಿಕೊಡಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ.